ಕಲ್ಲುಕುದುರೆಯ ನಂಟರು

ಹುಯೆ ನಗರ, ವಿಯೆಟ್ನಾಂ
ಎರಡು ಸಾವಿರದ ನೂರ ನಲವತ್ತೊಂದನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ದಾಕ್ಷಾಯಣಿ ಅಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗನ ಮಗಳು ತುಂಗವ್ವ ಮಾಡುವ ಶರಣು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪಿರಬಹುದು, ಮನ್ನಿಸಿ. ನಮ್ಮ ಓಣಿಯ ಕನ್ನಡ ಸಾಲೆ ಐದನೆಯ ಇಯತ್ತೆಗೆ ಮುಗಿಯುತ್ತದೆ. ಆಮೇಲೆ ನಾನು ದೋಣಿ ಹಿಡಿದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚಿಕೆ, ಆದರೆ ಕಾಗದ ನನ್ನ ಮುಖ ನೋಡುವುದಿಲ್ಲವಲ್ಲ. ಕೆಲವು ಮಾತು ನಿಮಗೆ ವಿಚಿತ್ರ ಎನಿಸಬಹುದು. ಹದಿಮೂರನೆಯ ತಿಂಗಳನ್ನೇ ನೋಡಿ, ಮಳೆ ಮುಗಿಯದ ವರ್ಷಗಳಲ್ಲಿ ಮಳೆಗೆಂದೇ ಒಂದು ತಿಂಗಳು ಸೇರಿಸುತ್ತೇವೆ.

ನಿಮ್ಮ ಕಾಲದಲ್ಲಿ ನೀವು ಇನ್ನೂ ಹುಯೆ ನೋಡಿಲ್ಲ. ಬರುತ್ತೀರಿ. ಇಲ್ಲಿನ ಒಬ್ಬ ದೊರೆಯ ಸಮಾಧಿಯಲ್ಲಿ ಕಲ್ಲುಕುದುರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಿ. ಅದನ್ನು ನೋಡಿ ನೋಡಿಯೇ ನಿಮ್ಮ ಮೊಮ್ಮಗಳು ಮುಂದೆ ಈ ಊರಿಗೆ ಬಂದು ಇಲ್ಲೇ ಉಳಿದಳು. ಆ ಫೋಟೊ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ.

ನಮ್ಮ ಕಾಲದಲ್ಲಿ ಹಳೆಯ ಜಾಗ ನೋಡಲು ಬಂದವರು ಟಿಕೆಟು ಕೊಳ್ಳುವುದಿಲ್ಲ. ಪ್ರತಿ ಬಾಗಿಲಿಗೂ, ಗಂಟೆಗೂ, ಕಲ್ಲಿನ ಮೂರ್ತಿಗೂ ಊರಿನ ಒಂದೊಂದು ಮನೆ ನಂಟು. ಅವರನ್ನು ಕಲ್ಲುನಂಟರು ಎನ್ನುತ್ತೇವೆ. ತೊಳೆಯುವವರೂ ಅವರೇ, ಬಂದವರಿಗೆ ಕತೆ ಹೇಳುವವರೂ ಅವರೇ. ನಾನು ಜನರನ್ನು ದೋಣಿಯಲ್ಲಿ ಕರೆದೊಯ್ಯುತ್ತೇನೆ. ಸುಗಂಧ ನದಿ ಈಗ ತಗ್ಗಿನ ಬೀದಿಗಳಲ್ಲೂ ಹರಿಯುತ್ತದೆ. ಮೊದಲು ಏಳು ಅಂತಸ್ತಿನ ತಿಯೆನ್ ಮು ಗೋಪುರ, ಆಮೇಲೆ ಮಧ್ಯಾಹ್ನದ ಬಾಗಿಲು ಎಂದು ಕರೆಯುವ ಕೋಟೆಯ ಹೆಬ್ಬಾಗಿಲು. ಅದರ ನಡುವಿನ ದಾರಿಯಲ್ಲಿ ಹಿಂದೆ ದೊರೆಯೊಬ್ಬನೇ ನಡೆಯಬೇಕಿತ್ತು. ಈಗ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅದರೊಳಗೆ ನುಗ್ಗುವುದು ನೂಡಲ್ಸ್ ಮಾರುವವರ ಮಕ್ಕಳು. ನನಗೆ ಅದನ್ನು ನೋಡುವುದೆಂದರೆ ಬಲು ಹೆಮ್ಮೆ. ಕೊನೆಗೆ ತು ದುಕ್ ದೊರೆಯ ಸಮಾಧಿ. ದೊರೆ ಕುಳ್ಳನಂತೆ, ಅದಕ್ಕೇ ಅಂಗಳದ ಕಲ್ಲಿನ ಅಧಿಕಾರಿಗಳನ್ನು ಅವನಿಗಿಂತ ಕುಳ್ಳಗೆ ಕೆತ್ತಿದರಂತೆ. ಅವರ ಸಾಲಿನಲ್ಲೇ ನಿಮ್ಮ ಕುದುರೆ ನಿಂತಿದೆ.

ಆದರೆ ನಮ್ಮದು ನಂಟಿಗೆ ಒಂದು ಕಲ್ಲೂ ಇಲ್ಲದ ಮನೆಯಾಗಿತ್ತು. ಕಲ್ಲಿಲ್ಲದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ, ಆದರೂ ಅವರು ನಿನ್ನೆ ಬಂದವರ ಹಾಗೆಯೇ ಉಳಿಯುತ್ತಾರೆ. ಅಪ್ಪ ಚಿಕ್ಕವನಿದ್ದಾಗ ಒಮ್ಮೆ ಆ ಕುದುರೆಯನ್ನೇ ನನ್ನಜ್ಜ ಈರಬಸಪ್ಪನಿಗೆ ನೋಡಿಕೊಳ್ಳಲು ಬಿಟ್ಟಿದ್ದರು. ಚೆನ್ನಾಗಿ ನೋಡಿಕೊಂಡರೆ ಕೊಡುವುದೆಂದು ಮಾತು. ಅಜ್ಜ ಖುಷಿಯಲ್ಲಿ ಅದಕ್ಕೆ ನೆತ್ತಿಯಿಂದ ಗೊರಸಿನವರೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಎರೆದು, ಹಣೆಗೆ ವಿಭೂತಿ ಹಚ್ಚಿಬಿಟ್ಟ. ಕಲ್ಲು ಎಣ್ಣೆ ಕುಡಿಯಿತು, ಧೂಳು ಹತ್ತಿತು, ಕುದುರೆ ಕಪ್ಪಾಯಿತು. ಥೊಮ್ ಅಜ್ಜಿ ಎಂಬ ಮೊದಲಿನ ನಂಟರೇ ಅದನ್ನು ವಾಪಸು ತೆಗೆದುಕೊಂಡು, ಜೇಡಿಮಣ್ಣು ಮೆತ್ತಿ ಮೆತ್ತಿ ಎಣ್ಣೆ ಹೀರಿಸಿದರು. ಅಂದಿನಿಂದ ಅಜ್ಜ ಸಂತೆಗೆ ಹೋದರೆ ಸಾಕು, ಜನ ಕೇಳುತ್ತಿದ್ದರು: “ಏನೋ ಈರಪ್ಪಾ, ಈ ಸಲ ಸೀಗೆಕಾಯಿನೂ ಒಯ್ತೀ ಏನು?” ಅವನು ನಕ್ಕು ಬರುತ್ತಿದ್ದ. ಸಮಾಧಿಯ ಕಡೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಈಗ ಥೊಮ್ ಅಜ್ಜಿಗೆ ಕೈಲಾಗುವುದಿಲ್ಲ, ಮಕ್ಕಳೂ ಇಲ್ಲ. ಕಳೆದ ವಾರ ಅವರು ಕುದುರೆಯನ್ನು ಬೇರೆ ಮನೆಗೆ ಒಪ್ಪಿಸುವ ದಿನ ಬಂತು. ಬೇಕೆನ್ನುವ ಮನೆಯ ಕಿರಿಯರು ಎಲ್ಲರೆದುರು ಮಾತಾಡಬೇಕು. ನಮ್ಮ ಮನೆಗೆ ಕಿರಿಯಳು ನಾನೇ. ಈ ಸಲವೂ ಕೈ ತಪ್ಪಿದರೆ ಅಜ್ಜ ಸೀಗೆಕಾಯಿಯ ಆ ಮಾತು ಹೊತ್ತುಕೊಂಡೇ ಕಣ್ಣು ಮುಚ್ಚುತ್ತಾನಲ್ಲ ಎಂದು ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋದೆ. ಆ ದಿನ ಅಜ್ಜ ಬಂದನಾದರೂ ಅಂಗಳದ ಗೇಟಿನ ಹೊರಗೇ ನಿಂತ.

ಥೊಮ್ ಅಜ್ಜಿ ಕೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: “ನಿಮ್ಮಜ್ಜ ಎಣ್ಣಿ ಹಚ್ಚಿದ. ನೀ ಏನ್ ಹಚ್ಚಾಕಿ, ಹುಡುಗಿ?”

ಎಲ್ಲರೂ ನಕ್ಕರು. ಕಲಿತು ಬಂದ ಮಾತೆಲ್ಲ ಹಾರಿಹೋಯಿತು. ಆಗ ನಿಮ್ಮ ಫೋಟೊ ನೆನಪಾಯಿತು.

“ಏನೂ ಹಚ್ಚಂಗಿಲ್ರಿ. ಬಾಜೂಕ ನಿಲ್ತೀನಿ,” ಎಂದೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು, ಆದರೆ ಗೇಟಿನ ಹೊರಗೆ ಅಜ್ಜನ ತಲೆ ಬಗ್ಗಿತ್ತು. “ನಮ್ಮ ಕಡೆ ದೂರದಿಂದ ನಂಟರು ಬಂದ್ರ ಎಣ್ಣಿ ಹಚ್ಚಿ ಎರೀತಾರ್ರಿ. ಅಜ್ಜಗ ಅದು ಕಲ್ಲು ಅನ್ನಿಸಲಿಲ್ಲ. ನಂಟ ಅನ್ನಿಸ್ತು.”

ಥೊಮ್ ಅಜ್ಜಿ ಗೇಟಿನ ಹೊರಗೆ ನಿಂತಿದ್ದ ಅಜ್ಜನ ಕಡೆ ನೋಡಿದರು. ಆಮೇಲೆ, “ಮೂರು ವರ್ಷ ತಿಕ್ಕಿ ತಿಕ್ಕಿ ತಗದೀನಲ್ಲೇ ನಿಮ್ಮಜ್ಜನ ಆ ಪ್ರೀತಿನ!” ಎಂದು ತಮ್ಮ ಹೆಗಲ ಮೇಲಿನ ಒರೆಸುವ ಬಟ್ಟೆ ತೆಗೆದು ನನ್ನ ಕೈಗಿಟ್ಟರು.

ಹೀಗೆ ನಾವು ಈ ಊರಿಗೆ ನಂಟರಾದೆವು ಅಜ್ಜಿ. ನಿಮ್ಮಲ್ಲಿ ಒಂದು ಬೇಡಿಕೆ. ನೀವು ಬಂದಾಗ ಜೊತೆಯವರು ಫೋಟೊಗೆಂದು ಕುದುರೆಯ ಮೇಲೆ ಹತ್ತಿ ಎನ್ನುತ್ತಾರೆ. ಹತ್ತಬೇಡಿ. ಸುಮ್ಮನೆ ಪಕ್ಕದಲ್ಲಿ ನಿಲ್ಲಿ. ನಾನು ನಿಮ್ಮನ್ನು ಅಲ್ಲಿಯೇ ನೋಡಿದ್ದೇನೆ.

ಇವತ್ತು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಕುದುರೆಯ ಕಿವಿಯಲ್ಲಿ ನೀರು ನಿಂತಿತ್ತು. ಅಜ್ಜ ನನ್ನ ಜೊತೆ ಅಂಗಳದ ಒಳಗೆ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರವೇ ನಿಂತಿದ್ದ. ನಾನು ಬಟ್ಟೆಯನ್ನು ಅವನ ಕೈಗೆ ಕೊಟ್ಟೆ.