ಉದ್ದ ತೋಳು

ಅಕ್ಕಾ,

ನೀನು ಕಣ್ಣು ಮುಚ್ಚಿ ಎರಡು ವರ್ಷ ಆಯ್ತು, ಈ ಕಾಗದಕ್ಕೆ ವಿಳಾಸವಿಲ್ಲ. ಆದರೂ ಹೇಳಬೇಕು.

ಇವತ್ತು ನನ್ನ ಹೊಲಿಗೆ ಅಂಗಡಿಗೆ ಒಬ್ಬಳು ಬಂದಿದ್ದಳು. ಈ ಸುಡುಬಿಸಿಲಲ್ಲಿ ಅವಳ ಅಂಗಿಯ ತೋಳು ಮಣಿಕಟ್ಟಿನವರೆಗೂ ಬರಬೇಕಂತೆ. ಟೇಪು ತಾಗಿದ್ದೇ ತಡ, ಕೈ ಹಿಂದಕ್ಕೆಳೆದುಕೊಂಡಳು. "ಬಾಗಿಲಿಗೆ ಬಡೀತು" ಅಂದಳು.

ಹೊರಗೆ ಅವಳ ಗಂಡ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದ. "ಅಳತೆ ಮುಗಿದಿಲ್ಲ ರೀ!" ಅಂತ ಕೂಗಿ ಪರದೆ ಎಳೆದೆ. "ಯಾರಮ್ಮ ಹೊಡೆದಿದ್ದು?" ಅಂದೆ. ಅತ್ತುಬಿಟ್ಟಳು. ನನ್ನ ಫೋನಿಂದಲೇ ಮಹಿಳಾ ಸಹಾಯವಾಣಿಯವರ ಹತ್ತಿರ ಮಾತಾಡಿಸಿದೆ. ನಾಳೆ ಅಂಗಿ ಹಾಕಿ ನೋಡುವ ನೆಪದಲ್ಲಿ ಬರುತ್ತಾಳೆ, ಅವರೂ ಬರುತ್ತಾರೆ.

ನೀನೂ ಬಾಗಿಲಿನ ಕತೆಯನ್ನೇ ಹೇಳಿದ್ದೆ. "ಕಣ್ಣು ಬಿಟ್ಕೊಂಡು ನಡಿಯಕ್ಕ" ಅಂತ ನಕ್ಕು, ನಿನ್ನ ಆರು ಅಂಗಿಗಳ ತೋಳಿಗೆ ಬಟ್ಟೆ ಜೋಡಿಸಿ ಉದ್ದ ಮಾಡಿಕೊಟ್ಟೆ. ಜೋಡಿಸಿದ ಗುರುತು ಒಬ್ಬರಿಗೂ ಕಾಣಲ್ಲ ಅಂತ ಜಂಭ ಬೇರೆ ಕೊಚ್ಚಿಕೊಂಡೆ.