ಆಸ್ಪತ್ರೆಯ ಗೇಟಿಗೆ ಒಮ್ಮೆ ಬನ್ನಿ

ಪಕ್ಷದ ಪ್ರಧಾನ ಕಾರ್ಯದರ್ಶಿಗಳಾದ ಮಾನ್ಯರೇ,

ಚುನಾವಣೆಯಲ್ಲಿ ಸೋತವರು ನೀವು, ಶಿಕ್ಷೆ ನನ್ನ ಅಕ್ಕನಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಬಟ್ಟೆ ಒಗೆಯುತ್ತಿದ್ದ ಅವಳನ್ನು ‘ಕಾರ್ಮಿಕರ ದಾರಿ ತಪ್ಪಿಸಿದ’ ಆರೋಪದ ಮೇಲೆ ಪಕ್ಷದಿಂದ ಅಮಾನತು ಮಾಡಿದ್ದೀರಿ. ಸೋಲಿಗೆ ಕಾರಣ ಹುಡುಕಲು ನಿಮ್ಮ ಪರಾಮರ್ಶೆ ಸಮಿತಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿತಂತೆ. ಅಷ್ಟು ಕಷ್ಟ ಏಕೆ ಪಟ್ಟಿತೋ ತಿಳಿಯದು. ಕಾರಣ ಅದೇ ಕೋಣೆಯಲ್ಲಿ, ಸಮಿತಿಯ ಅಧ್ಯಕ್ಷರಾದ ನಿಮ್ಮ ಕುರ್ಚಿಯಲ್ಲೇ ಕೂತು ಟೀ ಕುಡಿಯುತ್ತಿತ್ತು.

ನನ್ನ ಪರಿಚಯ ನಿಮಗಿರಲಿಕ್ಕಿಲ್ಲ. ನಾನು ದರ್ಜಿ. ನಮ್ಮ ಬಡಾವಣೆಯ ಶಾಖೆಯ ಸಭೆ ನಡೆಯುವುದು ನನ್ನ ಅಂಗಡಿಯಲ್ಲೇ, ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ. ಅಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಸಭೆಯಲ್ಲಿ ಯಾರ ಮಾತು ಸೋಲುತ್ತದೋ, ಗೆದ್ದ ತೀರ್ಮಾನವನ್ನು ಜನರ ಮುಂದೆ ಹೋಗಿ ವಿವರಿಸಬೇಕಾದವರು ಅವರೇ. ತಾನು ವಿರೋಧಿಸಿದ್ದೆ ಎಂದು ಹೊರಗೆ ಬಾಯಿ ಬಿಡುವಂತಿಲ್ಲ. ಯಾರೂ ಮುನಿಸಿಕೊಂಡು ಮೂಲೆ ಸೇರಬಾರದು ಎನ್ನುವುದು ಹಿರಿಯರ ಉದ್ದೇಶ. ಬೀದಿದೀಪದ ಕಂಬ ತನ್ನ ಕಡೆಯೇ ಬೇಕೆಂದು ಹಟ ಹಿಡಿದಿದ್ದ ಕ್ಷೌರಿಕ, ಅದು ಎದುರು ಸಾಲಿನಲ್ಲೇ ಏಕಿರಬೇಕು ಎಂದು ಹಲ್ಲು ಕಚ್ಚಿಕೊಂಡು ಮನೆಮನೆಗೆ ಹೇಳಿಬಂದದ್ದನ್ನು ನೆನೆದು ನಾವು ಇವತ್ತಿಗೂ ನಗುತ್ತೇವೆ. ದೀಪದ ಕಂಬಕ್ಕೆ ಅದು ಒಳ್ಳೆಯ ಪದ್ಧತಿಯೇ.

ಆಮೇಲೆ ನೀವು ಸರ್ಕಾರದಲ್ಲಿ ಪಾಲುದಾರರಾದಿರಿ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕೆಲಸವನ್ನು ಗುತ್ತಿಗೆಗೆ ಕೊಡುವ ಮಸೂದೆ ಸಂಸತ್ತಿಗೆ ಬಂತು. ನಮ್ಮ ಶಾಖೆಯಲ್ಲಿ ಮೊದಲು ಎದ್ದು ನಿಂತವಳು ಅಕ್ಕ. “ಗುತ್ತಿಗೆದಾರ ಬಂದ್ರೆ ಮೊದಲು ಹೊರಗೆ ಹೋಗೋದು ನಾವು. ಇದಕ್ಕೆ ನಮ್ಮೋರೇ ಕೈ ಎತ್ತಿದ್ರೆ ನಾನು ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಹೋಗ್ಲಿ?” ಎಂದಳು. ಎಲ್ಲರೂ ಅವಳ ಪರ ಕೈ ಎತ್ತಿದರು. ನಿರ್ಣಯ ನಿಮ್ಮ ಕಚೇರಿಗೆ ಬಂತು. ‘ನಿಮ್ಮ ಅಮೂಲ್ಯ ಅಭಿಪ್ರಾಯವನ್ನು ಗಮನದಲ್ಲಿರಿಸಿಕೊಳ್ಳಲಾಗಿದೆ’ ಎಂದು ಉತ್ತರಿಸಿದಿರಿ. ಎಷ್ಟು ಭದ್ರವಾಗಿ ಇರಿಸಿಕೊಂಡಿರೆಂದರೆ, ಸಂಸತ್ತಿನಲ್ಲಿ ಮತ ಹಾಕುವ ಹೊತ್ತಿಗೆ ಅದು ನಿಮ್ಮ ಕೈಗೇ ಸಿಗಲಿಲ್ಲ. ಮಸೂದೆ ನಿಮ್ಮ ಮತಗಳಿಂದಲೇ ಪಾಸಾಯಿತು.

ಒಗೆಯುವ ವಿಭಾಗದ ಹೆಂಗಸರು ಮುಷ್ಕರಕ್ಕೆ ಗೇಟಿಗೆ ಬಂದು ನಿಂತಾಗ ಮಾತ್ರ ನಿಮಗೆ ನಮ್ಮ ಅಂಗಡಿಯ ದಾರಿ ನೆನಪಾಯಿತು. ಬಂದಿರಿ. ಸ್ಟೂಲಿನ ಮೇಲಿನ ದಾರದ ಚೂರುಗಳನ್ನು ಕರವಸ್ತ್ರದಿಂದ ಕೊಡವಿ ಕೂತಿರಿ. ನಮ್ಮ ಪದ್ಧತಿಯ ವಿಷಯ ಯಾರೋ ನಿಮ್ಮ ಕಿವಿಗೆ ಹಾಕಿದ್ದರು. “ನಿಮ್ಮ ಮಾತು ಪಕ್ಷದಲ್ಲಿ ಸೋತಿದೆ ಸಂಗಾತಿ. ಪದ್ಧತಿ ನಿಮ್ಮದೇ ಅಲ್ವಾ? ನೀವೇ ಹೋಗಿ ಹೇಳಿ. ಯಾರ ಕೆಲಸಾನೂ ಹೋಗಲ್ಲ ಅಂತ ಪಕ್ಷ ಮಾತು ಕೊಡುತ್ತೆ ಅನ್ನಿ” ಎಂದು ಅಕ್ಕನ ಕಡೆ ನೋಡಿ ನಕ್ಕಿರಿ. ನಾನು ಕೂಗಾಡಿದೆ. ಅಕ್ಕ ನನ್ನನ್ನೇ ಗದರಿದಳು: “ಸುಮ್ನಿರೋ. ನಾಳೆ ನಾವು ಗೆದ್ದಾಗ ಇನ್ನೊಬ್ರು ಹೀಗೇ ಹೋಗಿ ಹೇಳ್ಬೇಕಲ್ಲ?” ಆ ‘ನಾಳೆ’ ಎನ್ನುವುದನ್ನು ನಂಬುವ ಪೆದ್ದರು ನಿಮ್ಮ ಪಕ್ಷದಲ್ಲಿ ನಾವಲ್ಲದೆ ಇನ್ಯಾರಿದ್ದಾರೆ?

ಅಕ್ಕ ಸೋಪಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಮಾತಾಡಿದಳು. ನಿಮ್ಮ ಸುಳ್ಳನ್ನು ತನ್ನ ಸತ್ಯವೆಂಬಂತೆ ಹೇಳಿದಳು. ಹೆಂಗಸರು ಮುಷ್ಕರ ಕೈಬಿಟ್ಟು ಒಳಗೆ ಹೋದರು. ಅವರು ನಂಬಿದ್ದು ನಿಮ್ಮನ್ನೆಂದು ತಿಳಿದು ಉಬ್ಬಬೇಡಿ. ಬಾಣಂತಿಯಾದ ಜೊತೆಗಾರ್ತಿಯ ಪಾಳಿಯನ್ನು ತಾನು ಮಾಡಿದ, ಇಸ್ತ್ರಿ ಯಂತ್ರಕ್ಕೆ ಕೈ ಸಿಕ್ಕಿ ಸುಟ್ಟುಕೊಂಡವಳನ್ನು ತುರ್ತು ವಿಭಾಗಕ್ಕೆ ಹೊತ್ತುಕೊಂಡು ಓಡಿದ ಅಕ್ಕನ ಮುಖ ನೋಡಿ ನಂಬಿದರು. ಗುತ್ತಿಗೆದಾರ ಬಂದ. ಎಲ್ಲರೂ ಬೀದಿಗೆ ಬಿದ್ದರು, ಅಕ್ಕನೂ ಬಿದ್ದಳು. ಚುನಾವಣೆಯಲ್ಲಿ ಅವರ ಮತ ಮಾತ್ರ ನಿಮಗೆ ಬೀಳಲಿಲ್ಲ. ಈಗ ಅವಳು ನನ್ನ ಅಂಗಡಿಯಲ್ಲಿ ಗುಂಡಿ ಹಾಕುತ್ತಾಳೆ.

ಹೋದ ವಾರ ಆ ಕೈ ಸುಟ್ಟುಕೊಂಡವಳು ಮಗಳ ಶಾಲೆಯ ಸಮವಸ್ತ್ರದ ಅಳತೆ ಕೊಡಲು ಬಂದಿದ್ದಳು. ಒಳಗೆ ಅಕ್ಕನನ್ನು ಕಂಡು ಹೊಸ್ತಿಲಲ್ಲೇ ನಿಂತಳು. “ನೀನು ಹೇಳಿದ್ದಕ್ಕಲ್ವೇನೇ ನಾವು ಒಳಗೆ ಹೋಗಿದ್ದು? ಬೇರೆ ಯಾರು ಹೇಳಿದ್ರೂ ಕೇಳ್ತಿರ್ಲಿಲ್ಲ” ಎಂದು ಮಗಳ ಕೈ ಹಿಡಿದು ಹೊರಟೇಹೋದಳು. ‘ನಾನೂ ವಿರೋಧಿಸಿದ್ದೆ ಕಣೇ’ ಎಂದು ಅಕ್ಕ ಕೂಗಬಹುದಿತ್ತು. ಕೂಗಲಿಲ್ಲ. ಪಕ್ಷ ಅವಳನ್ನು ಬಿಟ್ಟರೂ ಅವಳು ಪಕ್ಷದ ಶಿಸ್ತನ್ನು ಬಿಟ್ಟಿಲ್ಲ. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು, ಆಮೇಲೆ ಅಳು ಬಂತು.

ಆದ್ದರಿಂದ ಆ ಮಾತನ್ನು ನಾನೇ ಈ ಬಹಿರಂಗ ಪತ್ರದಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ: ಅವಳು ಬೇಡ ಎಂದಿದ್ದಳು, ಎಲ್ಲರಿಗಿಂತ ಮೊದಲು ಎಂದಿದ್ದಳು. ಶಿಸ್ತು ಮುರಿದದ್ದಕ್ಕೆ ನನ್ನನ್ನು ಧಾರಾಳವಾಗಿ ಉಚ್ಚಾಟಿಸಿ. ‘ತಳಮಟ್ಟದ ಕಾರ್ಯಕರ್ತರು ಜನರ ನಾಡಿಮಿಡಿತ ಅರಿಯಲಿಲ್ಲ’ ಎಂದು ನಿಮ್ಮ ಸಮಿತಿ ಹೇಳಿದೆ. ನಾವು ನಾಡಿ ಹಿಡಿದುಕೊಂಡೇ ಕೂತಿದ್ದೆವಲ್ಲ ಸ್ವಾಮಿ, ಕೈ ಬಿಡಿಸಿದವರು ಯಾರು?

ಈಗ ನನ್ನ ಬೇಡಿಕೆ. ಸೋತವರು ಜನರ ಮುಂದೆ ಹೋಗಿ ಹೇಳಬೇಕು, ಅಲ್ಲವೇ? ಈ ಸಲ ಸೋತವರು ನೀವು. ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಗೇಟಿಗೆ ಬನ್ನಿ. ಕೆಲಸ ಕಳೆದುಕೊಂಡ ಹೆಂಗಸರನ್ನು ನಾನು ಕರೆತರುತ್ತೇನೆ. ಆ ಸೋಪಿನ ಪೆಟ್ಟಿಗೆ ನನ್ನ ಅಂಗಡಿಯಲ್ಲಿದೆ, ಅದನ್ನೂ ತರುತ್ತೇನೆ. ಹತ್ತಿ ನಿಂತು, ‘ಅವಳು ಬೇಡವೆಂದಳು, ನಾನೇ ಹೇಳಿಸಿದೆ’ ಎಂದಷ್ಟೇ ಹೇಳಿ. ಅಮಾನತು ರದ್ದು ಮಾಡಿ. ಆಗದಿದ್ದರೆ ಪಕ್ಷದ ಹೆಸರಿನಲ್ಲಿರುವ ‘ಶ್ರಮಿಕ’ ಎಂಬ ಪದವನ್ನು ಕೈಬಿಡಿ. ಬಾವುಟಗಳನ್ನು ಕಳಿಸಿಕೊಟ್ಟರೆ ಆ ಅಕ್ಷರಗಳನ್ನು ನಾನೇ ಬಿಚ್ಚಿಕೊಡುತ್ತೇನೆ, ಹೊಲಿದವನೂ ನಾನೇ.

ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಗುಂಡಿಯ ದಾರವನ್ನು ಹಲ್ಲಿನಲ್ಲಿ ಕಡಿದು, “ಅವರನ್ನ ಕರೀಬೇಡ ಕಣೋ. ಅವರು ಬಂದು ಮಾತಾಡಿದ್ರೆ ನಾನು ಮತ್ತೆ ನಂಬಿಬಿಡ್ತೀನಿ” ಎಂದಳು. ಹಾಗಾಗಿ ಇನ್ನೊಂದು ಷರತ್ತು ಸೇರಿಸಿದ್ದೇನೆ. ನೀವು ಗೇಟಿನಲ್ಲಿ ಮಾತಾಡುವಾಗ ನನ್ನ ಅಕ್ಕ ಅಲ್ಲಿ ಇರುವುದಿಲ್ಲ.

ಇಂತಿ,
ಇಷ್ಟು ವರ್ಷ ನಿಮ್ಮ ಬಾವುಟ ಹೊಲಿದ,
ಈ ಪತ್ರ ನಿಮಗೆ ಮುಟ್ಟುವವರೆಗೆ ಮಾತ್ರ ಪಕ್ಷದ ಸದಸ್ಯನಾಗಿರುವ ದರ್ಜಿ