ಸವರದೆ ಬಿಟ್ಟ ಗಿಡಗಳು

ಶಿಕಾರಿಪುರ
೧೪ ಡಿಸೆಂಬರ್ ೨೦೨೪

ವಾಗ್ದೇವಿಗೆ,

…ದಾಸವಾಳವನ್ನು ಸೊಂಟದೆತ್ತರಕ್ಕೆ, ಮಲ್ಲಿಗೆಯನ್ನು ಮೊಣಕಾಲಿನಷ್ಟಕ್ಕೆ. ನೀನು ಹೇಳಿದ್ದರಲ್ಲಿ ಇಷ್ಟೇ ನೆನಪಿರುವುದು. ಎರಡು ವರ್ಷದ ಹಿಂದೆ ಸೊರಬದ ಬಸ್ಸಿನ ಮೆಟ್ಟಿಲ ಮೇಲೆ ನಿಂತು, 'ಇನ್ನಾದ್ರೂ ಆ ಗಿಡ ಸವರ್ಸಿ' ಎಂದು ನೀನು ಶುರುಮಾಡಿದ್ದೆ. ಬಸ್ಸು ಹೊರಟಿತು, ಮಿಕ್ಕದ್ದು ಕೇಳಿಸಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ.

ನಿನ್ನೆ ತಿಪ್ಪೇಶನನ್ನು ಕರೆಸಿದೆ. ನಮ್ಮ ಕಾಲೇಜಿನ ಕೈತೋಟ ನೋಡಿಕೊಳ್ಳುತ್ತಾನಲ್ಲ, ಅವನು. ಗೇಟಿನಲ್ಲೇ ನಿಂತು, 'ಇದರಾಗೆ ಮನಿ ಎಲ್ಲೈತ್ರಿ ಸರ?' ಎಂದ. ಎದುರು ಮನೆಯ ತುಂಗಮ್ಮ ಹೂಬುಟ್ಟಿ ಹಿಡಿದು ಓಡಿಬಂದರು. 'ಎಲ್ಲಾ ಬೋಳಿಸಿದ್ರೆ ನಾಳೆ ನಮ್ಮ ದೇವ್ರಿಗೆ ಏನು ಏರಿಸ್ಲಿ ಮೇಷ್ಟ್ರೇ, ನಿಮ್ಮ ತಲೆಯಾ?' ಎಂದು ಗದರಿದರು. ತಿಪ್ಪೇಶ ನಕ್ಕು, ಇವು ಕತ್ತರಿ ಕಂಡು ಎಷ್ಟು ವರ್ಷವಾಯಿತೆಂದು ಕೇಳಿದ. ಹನ್ನೊಂದು ಎಂದೆ. ಯಾಕೆಂದು ಕೇಳಿದ್ದಕ್ಕೆ, ಪುರುಸೊತ್ತಾಗಲಿಲ್ಲ ಎಂದೆ.

ಕಾರಣ ನಿನಗೆ ಗೊತ್ತು. ನೀನು ಬಸುರಿಯಾದದ್ದು ತಿಳಿದ ದಿನವೇ ಅಮ್ಮ ಕುಡುಗೋಲನ್ನು ಅಟ್ಟಕ್ಕೆ ಹಾಕಿಸಿದರು. ಬಸುರಿಯ ಗಂಡ ಕೂದಲು ತೆಗೆಸಬಾರದು, ಗಿಡ ಕಡಿಯಬಾರದು. ನಾನು ಗಡ್ಡ ಬಿಟ್ಟೆ. ಕಾಲೇಜಿನಲ್ಲಿ ನಕ್ಕರು. ನೀನೂ ನಕ್ಕೆ, 'ಸನ್ಯಾಸಿ ಜತೆ ಸಂಸಾರ ಮಾಡೋ ಹಾಗಾಯ್ತಲ್ರೀ' ಎಂದು. ಹೆರಿಗೆಯಾದ ಮೇಲೆ ಎಲ್ಲವನ್ನೂ ಸವರಿಸುವುದೆಂದು ಮಾತಾಗಿತ್ತು.

ಏಳನೇ ತಿಂಗಳಲ್ಲಿ ಮಗು ಹೋಯಿತು. ನಾನು ಗಡ್ಡ ತೆಗೆದೆ. ಗಿಡಗಳ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಸವರೋಣ ಎಂದು ಮೊದಲು ಇನ್ನೊಬ್ಬರು ಹೇಳಲೆಂದು ಮೂವರೂ ಕಾದೆವು. ಅವು ಬೆಳೆದವು.

ಅಮ್ಮ ಕಾರಣ ಹುಡುಕಿದರು. ಆಸ್ಪತ್ರೆಗೆ ಸೇರುವ ಒಂದು ವಾರ ಮೊದಲು, ನಿಮ್ಮಪ್ಪನಿಗೆ ಹುಷಾರಿಲ್ಲವೆಂದು ನೀನು ಸೊರಬಕ್ಕೆ ಹೋಗಿಬಂದಿದ್ದೆ. 'ಬಸ್ಸಲ್ಲಿ ಕುಲುಕಾಡ್ಕೊಂಡು ಹೋಗ್ಬೇಡ ಅಂದ್ರೆ ಕೇಳಿದ್ಯಾ? ಕೂಸನ್ನ ಆ ರಸ್ತೇಲೇ ಚೆಲ್ಲಿ ಬಂದೆ.' ದೋಸೆ ಮಗುಚುತ್ತ ಹೇಳುತ್ತಿದ್ದರು, ಹಬ್ಬದ ದಿನವೂ ಹೇಳುತ್ತಿದ್ದರು. ಸಾಯುವವರೆಗೆ, ಎಂಟು ವರ್ಷ. ನೀನು ಒಮ್ಮೆಯೂ ಎದುರಾಡಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದೆ.

ಈಗ ಬರೆಯುವುದು ನಿನಗೆ ಗೊತ್ತಿಲ್ಲದ್ದು. ನೀನು ಸೊರಬದಲ್ಲಿದ್ದ ಆ ದಿನ ಅಮ್ಮ ತೊಗರ್ಸಿಗೆ ಮಲ್ಲಿಕಾರ್ಜುನನ ಪೂಜೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ. ನಂದಿಬಟ್ಟಲಿನ ಒಂದು ಕೊಂಬೆ ಗಾಳಿಗೆ ಕಿಟಕಿಯ ಗಾಜು ಉಜ್ಜುತ್ತಿತ್ತು, ಓದಲು ಬಿಡುತ್ತಿರಲಿಲ್ಲ. ತೆಂಗಿನಕಾಯಿ ಒಡೆಯುವ ಕತ್ತಿ ತಂದು ಎರಡೇಟಿಗೆ ಕಡಿದೆ. ಬಿಳಿ ಹಾಲು ಸುರಿದು ಕೈ ಅಂಟಾಯಿತು. ಕೊಂಬೆಯನ್ನು ಗೊಬ್ಬರದ ಗುಂಡಿಯಲ್ಲಿ ಹೂತೆ.

ಕೊಂಬೆ ಕಡಿದರೆ ಮಗು ಹೋಗುತ್ತದೆಂದು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಬಸ್ಸಿನಿಂದಲೂ ಅಲ್ಲ. ಕಾರಣ ತಿಳಿಯುವುದಿಲ್ಲ ಎಂದೇ ಡಾಕ್ಟರು ಹೇಳಿದ್ದರು. ಆದರೆ ನಂಬದವನು ಕೊಂಬೆಯನ್ನು ಮಣ್ಣಲ್ಲಿ ಮುಚ್ಚಿದ್ದೇಕೆ? ಅಮ್ಮನಿಗೆ ಒಂದು ತಪ್ಪು ಬೇಕಿತ್ತು. ನನ್ನದನ್ನು ಮುಂದಿಟ್ಟಿದ್ದರೆ ನಿನ್ನನ್ನು ಬಿಟ್ಟುಬಿಡುತ್ತಿದ್ದರು. ಇದು ತಿಳಿದೇ ಸುಮ್ಮನಿದ್ದೆ. ನೀನು ಸೊರಬದ ಶಾಲೆಗೆ ವರ್ಗ ಕೇಳಿಕೊಂಡು ಹೊರಟಾಗಲೂ, ಯಾಕೆಂದು ಕೇಳದೆ ಸೂಟ್‌ಕೇಸ್ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದೆ.

ನಂದಿಬಟ್ಟಲೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿದೆ. ಮುಂದಿನ ಕೋಣೆಗೆ ಬೆಳಕು ಬಂದಿದೆ, ಧೂಳು ಎದ್ದು ಕಾಣುತ್ತದೆ. ಬೇಸಿಗೆಯ ಹೊತ್ತಿಗೆ ಚಿಗುರಿ ಹೂವಾಗುತ್ತದಂತೆ. ಬಾ ಎಂದು ಬರೆಯುವ ಹಕ್ಕು ನನಗಿಲ್ಲ. ಹೇಳದೆ ಉಳಿದಿದ್ದುದು ಇದೊಂದೇ, ಹೇಳಿದ್ದೇನೆ.

ನಿರಂಜನ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲು, ಉಳಿದದ್ದನ್ನು ಸವರಲು ಇವತ್ತು ಮತ್ತೆ ಬಂದ ತಿಪ್ಪೇಶ ಕಿಟಕಿಯ ಹತ್ತಿರ ಕರೆದ. ನಂದಿಬಟ್ಟಲಿನ ಎಲೆ ಸರಿಸಿ, 'ಇಲ್ಲೊಂದು ಹಳೇ ಏಟು ಐತ್ರಿ. ಕಡಿದಿದ್ದು ಕಾಣಬಾರ್ದು ಅಂತ ಯಾರೋ ಬಣ್ಣ ಹಚ್ಯಾರ ನೋಡ್ರಿ' ಎಂದ. ಬಗ್ಗಿ ನೋಡಿದೆ. ಒಣಗಿದ ಮೋಟಿನ ತುದಿಯಲ್ಲಿ ಹಸಿರು ಎಣ್ಣೆಬಣ್ಣ. ಆ ವರ್ಷ ನಿನ್ನ ಹೊಲಿಗೆ ಮೆಷಿನ್ನಿನ ಕಾಲಿಗೆ ನೀನೇ ಹಚ್ಚಿದ್ದ ಬಣ್ಣ. ಡಬ್ಬಿ ಇಟ್ಟ ಜಾಗ ನನಗಾಗಲಿ ಅಮ್ಮನಿಗಾಗಲಿ ಗೊತ್ತಿರಲಿಲ್ಲ. ಇದನ್ನು ನೀನು ಹಚ್ಚಿದ್ದು ಯಾವಾಗ, ವಾಗ್ದೇವಿ? ಸೊರಬದಿಂದ ಬಂದ ದಿನವೋ, ಆಸ್ಪತ್ರೆಯಿಂದ ಬಂದ ಮೇಲೋ?